ದೇವದುರ್ಗದ ನಾಯಿಗೆ ಪತ್ರಿ

ಮದುವೆಯಾಗಿ ಮಾನ್ವಿಗೆ ಬಂದಾಗ ನನ್ನ ಜೊತೆ ಬಂದದ್ದು ಒಂದು ತಗಡಿನ ಟ್ರಂಕು, ಒಂದು ಹಿತ್ತಾಳೆ ಕೊಡ ಮತ್ತು ಒಂದು ಗಂಡುನಾಯಿ. ಟ್ರಂಕು, ಕೊಡಗಳನ್ನು ತವರಿನವರು ಕೊಟ್ಟಿದ್ದರು. ನಾಯಿಯನ್ನು ಯಾರೂ ಕೊಡಲಿಲ್ಲ. ದೇವದುರ್ಗದಿಂದ ಬಂಡಿಯ ಹಿಂದೆ ತಾನಾಗಿಯೇ ಓಡಿಬಂತು. ಅಣ್ಣ ಎರಡು ಸಲ ಕೆಳಗಿಳಿದು ಕಲ್ಲು ಬೀರಿದ, ಎರಡು ಸಲವೂ ಅದು ಜಾಲಿಗಿಡದ ಮರೆಯಲ್ಲಿ ನಿಂತು ಮತ್ತೆ ಹಿಂದೆ ಬಿತ್ತು. ನಾನು ಸೆರಗಿನೊಳಗೆ ಅಳುವುದನ್ನು ಬಿಟ್ಟು ನಕ್ಕುಬಿಟ್ಟೆ. ಇಡೀ ಮದುವೆಯಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಗಂಡನ ಮನೆಯಲ್ಲಿ ನನ್ನನ್ನು ಸೇರಿಸಿ ಮೂರೇ ಜನ. ನಮ್ಮ ಮನೆಯವರದು ಶೇಂಗಾ ವ್ಯಾಪಾರ. ಹಳ್ಳಿಗಳಲ್ಲಿ ಕೊಂಡು ರಾಯಚೂರಿನ ಎಣ್ಣೆ ಮಿಲ್ಲಿಗೆ ಹಾಕುತ್ತಿದ್ದರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯ ಯಜಮಾನಿಕೆಯೆಲ್ಲ ಅತ್ತೆಯವರದು. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಹಿತ್ತಲಿನಲ್ಲಿ ಒಂದು ಪತ್ರಿ ಗಿಡ, ಎಂದರೆ ಬಿಲ್ವದ ಗಿಡವಿತ್ತು. ಅದರ ಎಲೆಯನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಪೂಜೆಗೆ ಹೋಗುವ ಮೂರೆಲೆಯ ಪತ್ರಿಯಲ್ಲಿ ಒಂದು ತೂತು ಕಂಡರೂ ಅವರು ತೆಗೆದು ಪಕ್ಕಕ್ಕಿಡುತ್ತಿದ್ದರು.

ನಾಯಿ ಅವರಿಗೆ ಆಗುತ್ತಿರಲಿಲ್ಲ. ಹೆಸರು ಹಿಡಿದು ಕರೆದವರೇ ಅಲ್ಲ, 'ನಿಮ್ಮ ದೇವದುರ್ಗದಂವ' ಎನ್ನುತ್ತಿದ್ದರು. 'ನಿಮ್ಮ ದೇವದುರ್ಗದಂವ ಗಾಲಿ ತೋಯಿಸ್ಯಾನ, ನೀರು ಹಾಕು.' 'ನಿಮ್ಮ ದೇವದುರ್ಗದಂವ ಹೊಸಲಿಗಿ ಬಂದಾನ, ಹೊರಗ ಹಾಕು.' ಹೀಗೆ. ತವರಿನ ಮೇಲೆ ಒಂದೊಂದು ಚಡಿ ಏಟು ಬಿದ್ದಂತೆ ನನಗೆ ಉರಿಯುತ್ತಿತ್ತು. ಆದರೆ ಅವನೂ ಕಡಿಮೆ ಇರಲಿಲ್ಲ. ಅಂಗಳದ ಕಂಬ, ಬಂಡಿಯ ಗಾಲಿ, ಎದುರು ಮನೆಯವರು ಒಣಗಲು ಹಾಕಿದ ಸಗಣಿ ಕುಳ್ಳು, ಎಲ್ಲದಕ್ಕೂ ಕಾಲೆತ್ತಿ ತನ್ನ ಗುರುತು ಹಾಕಿ ಇಡೀ ಓಣಿಯನ್ನು ಜಹಗೀರು ಮಾಡಿಕೊಂಡಿದ್ದ.

ದಸರೆ ಮುಗಿದ ವಾರ ನಾನು ಒಂದು ಸಂಗತಿ ಗಮನಿಸಿದೆ. ರೊಟ್ಟಿ ಹಾಕಲು ಹೊರಗೆ ಹೋದಾಗ ಅವನು ಕಂಬದ ಬಳಿ ಕಾಲೆತ್ತಿ ನಿಂತಿದ್ದ. ನಾನು ಒಳಗೆ ಹೋಗಿ ತಿರುಗಿ ಬಂದರೂ ಹಾಗೇ ನಿಂತಿದ್ದ. ಮೂರು ಕಾಲು ನಡುಗುತ್ತಿದ್ದವು. ಕೊನೆಗೆ ಎರಡು ಹನಿ ಬಿತ್ತು. ನಾಲ್ಕು ಹೆಜ್ಜೆ ನಡೆದು ಗಾಲಿಗೆ ಕಾಲೆತ್ತಿದ, ಅಲ್ಲಿ ಒಂದು ಹನಿ. ಆಮೇಲೆ ಕುಳಿತು ತನ್ನನ್ನು ತಾನೇ ನೆಕ್ಕಿಕೊಳ್ಳಲು ತೊಡಗಿದ. ಬಿಟ್ಟೂಬಿಡದೆ ನೆಕ್ಕಿದ.

ಈಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ಹೊಸ ಸೊಸೆ, ತಲೆಯ ಮೇಲೆ ಸೆರಗು, ಗಂಡುನಾಯಿಯ ಉಚ್ಚೆಯ ಮಾತನ್ನು ಅತ್ತೆಯ ಮುಂದೆ ಹೇಗೆ ಎತ್ತುವುದು? ಬಾಯಿಯೇ ಬರಲಿಲ್ಲ. ಮೂರನೆಯ ದಿನ ಧೈರ್ಯ ಮಾಡಿ ಮನೆಯವರಿಗೆ ಊಟ ಬಡಿಸುವಾಗ ಪಿಸುಗುಟ್ಟಿದೆ. ಅವರು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕರು.

"ಭಾದ್ರಪದ ಮುಗದ್ರೂ ಅವಂದು ಇನ್ನಾ ಮುಗದಿಲ್ಲ ಕಾಣ್ತದ. ಯಾವುದೋ ಹೆಣ್ಣುನಾಯಿ ಹಿಂದ ಬಿದ್ದಿರ್ತಾನ, ಬಿಡು."

ನಾನು ಬಿಟ್ಟೆ. ಹೀಗೆ ಬಿಟ್ಟದ್ದಕ್ಕೆ ನನ್ನ ಮೇಲೆಯೇ ನನಗೆ ಇವತ್ತಿಗೂ ಸಿಟ್ಟಿದೆ. ಐದನೆಯ ದಿನ ಬೆಳಿಗ್ಗೆ ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದ ಹನಿ ಕೆಂಪಗಿತ್ತು. ನಾನು ನೀರಿನ ಕೊಡವನ್ನು ಅಲ್ಲೇ ಇಟ್ಟು ಒಳಗೆ ಓಡಿದೆ. ಮನೆಯವರು ರಾಯಚೂರಿಗೆ ಹೊರಟು ಜೋಡು ಮೆಟ್ಟುತ್ತಿದ್ದರು. ಕೈ ಹಿಡಿದು ಎಳೆದುತಂದು ತೋರಿಸಿದೆ. ಈ ಸಲ ಅವರು ನಗಲಿಲ್ಲ. ಮಿಲ್ಲಿನ ಕೆಲಸ ಮುಗಿಸಿ ಸಲೋತ್ರಿಯವರನ್ನು ಕೇಳಿಕೊಂಡು ಬರುವುದಾಗಿ ಹೇಳಿದರು. ದನ, ಕುದುರೆಗಳ ಡಾಕ್ಟರಿಗೆ ನಿಜಾಮನ ಕಾಲದಲ್ಲಿ ಸಲೋತ್ರಿ ಎನ್ನುತ್ತಿದ್ದರು. ರಾಯಚೂರಿನ ದನದ ದವಾಖಾನೆಯಲ್ಲಿ ಹೈದರಾಬಾದಿನ ಕಡೆಯ ಒಬ್ಬ ಸಾಹೇಬರಿದ್ದರು.

ಆ ದಿನ ನಾನು ಬಾಗಿಲಿಗೂ ಅಡುಗೆಮನೆಗೂ ಎಷ್ಟು ಸಲ ತಿರುಗಿದೆನೋ. ದೀಪ ಹಚ್ಚುವ ಹೊತ್ತಿಗೆ ಮನೆಯವರು ಬಂದರು. ಅತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ನಾನು ಕಾಲಿಗೆ ನೀರು ಕೊಟ್ಟು, ಕಣ್ಣಿನಲ್ಲೇ ಕೇಳಿದೆ.

"ಪತ್ರಿ ಅಂದ್ರು," ಎಂದರು.

ಅತ್ತೆಯ ಕೈಯ ಮೊರ ನಿಂತಿತು. "ಯಾರು ಏನಂದ್ರು?"

"ಸಲೋತ್ರಿ ಸಾಹೇಬ್ರು, ಯವ್ವಾ. ಈ ನಾಯಿದು ಎಲ್ಲಾ ಕೇಳಿದ್ರು, ತಲಿ ಅಲ್ಲಾಡಿಸಿದ್ರು. ಪತ್ರಿ ಪತ್ರಿ ಅಂತ ಎರಡು ಸರ್ತಿ ಅಂದ್ರು. ಮಂದಿ ಬಾಳ ಇತ್ತು, ಅವಸರದಾಗ ಅರ್ಧ ಉರ್ದುದಾಗ ಅಂದ್ರು, ನನಗ ತಿಳೀಲಿಲ್ಲ. ಚೀಟಿ ಬರಕೊಟ್ಟು, ಮಾನ್ವಿ ಕಾಂಪೌಂಡರಗ ತೋರಿಸು ಅಂದ್ರು. ಅಂವ ನೋಡಿದ್ರ ರಜಾ ಹಾಕಿ ಊರಿಗಿ ಹೋಗ್ಯಾನ."

ಅತ್ತೆ ಮೊರವನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪರಧರ್ಮದ ಒಬ್ಬ ವಿದ್ಯಾವಂತ, ಸರ್ಕಾರಿ ಅಧಿಕಾರಿ, ತಾನಾಗಿಯೇ ಶಿವನ ಪತ್ರಿಯನ್ನು ಔಷಧವೆಂದು ಹೇಳಿದ್ದಾನೆ, ಅದೂ ಎರಡು ಸಲ.

"ಅವನ ಬಾಯಾಗ ಶಿವನೇ ಬಂದು ಆಡ್ಯಾನ," ಎಂದರು. ಚೀಟಿಯನ್ನು ಕೈ ಮುಗಿದು ಇಸಿದುಕೊಂಡು ದೇವರ ಜಗಲಿಯ ಮೇಲಿಟ್ಟು, ಮೂರು ಬೆರಳಿನಿಂದ ಅದಕ್ಕೂ ವಿಭೂತಿ ಎಳೆದರು.

ಆಮೇಲೆ ನಡೆದದ್ದನ್ನು ನಾನು ಬಾಯಿ ತೆರೆದುಕೊಂಡು ನೋಡಿದೆ. ಒಂದು ತೂತಿದ್ದರೂ ಎಲೆಯನ್ನು ಪಕ್ಕಕ್ಕಿಡುವ ನನ್ನ ಅತ್ತೆ ಹಿತ್ತಲಿಗೆ ಹೋಗಿ ಮಡಿಲು ತುಂಬ ಪತ್ರಿ ತರಿದು ತಂದರು. ಒರಳಲ್ಲಿ ತಾವೇ ಅರೆದರು. ನನ್ನನ್ನು ಮುಟ್ಟಗೊಡಲಿಲ್ಲ. ದನಕ್ಕೆ ಔಷಧ ಹಾಕುವ ಬಿದಿರಿನ ಗೊಟ್ಟದಲ್ಲಿ ಹಸಿರು ರಸ ತುಂಬಿ ಅಂಗಳಕ್ಕೆ ಬಂದರು. ದೇವದುರ್ಗದವನ ದವಡೆಯನ್ನು ಎಡಗೈಯಲ್ಲಿ ಹಿಡಿದು, ತಲೆಯನ್ನು ತೊಡೆಗೆ ಆನಿಸಿಕೊಂಡು, "ಕುಡಿಯೋ ಯಪ್ಪಾ, ನಿನ್ನ ಪುಣ್ಯ ದೊಡ್ಡದು," ಎನ್ನುತ್ತ ಸುರಿದರು. ಅವನು ಮಿಸುಕಾಡದೆ ಕುಡಿದ. ನನಗೆ ಕುಣಿಯುವಂತಾಯಿತು. ನನ್ನ ನಾಯಿಯ ತಲೆ ನನ್ನ ಅತ್ತೆಯ ತೊಡೆಯ ಮೇಲೆ. ಅವನು ಬದುಕಿದ, ಅವನ ಜೊತೆ ನಾನೂ ಈ ಮನೆಯಲ್ಲಿ ಬದುಕಿದೆ ಎಂದುಕೊಂಡೆ.

ಬೆಳಗಿನ ಜಾವ ಮನೆಯವರು ಶೇಂಗಾ ತೂಗಿಸಲು ಹಿರೇಕೊಟ್ನೆಕಲ್ಲಿಗೆ ಹೋದರು. ಅತ್ತೆ ಮಜ್ಜಿಗೆಯಲ್ಲಿ ಕಲಸಿ ಇನ್ನೊಂದು ಗೊಟ್ಟ ಕುಡಿಸಿದರು. ಹೊತ್ತು ಮೂಡಿ ಅಂಗಳಕ್ಕೆ ಬಿಸಿಲು ಬರುವಷ್ಟರಲ್ಲಿ ಅವನು ಅದನ್ನೆಲ್ಲ ಕಾರಿಕೊಂಡ. ಕಂಬಕ್ಕೆ ಹೋಗಿ ಕಾಲೆತ್ತಿದ, ಒಂದು ಹನಿಯೂ ಇಲ್ಲ. ಹೊಟ್ಟೆಯ ಕೆಳಭಾಗ ಬಿಗಿದ ಚರ್ಮದ ಚೆಂಡಿನಂತಾಗಿತ್ತು. ನಾನು ಕೈ ಇಟ್ಟಾಗ ಅವನು ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರು.

"ವಿಭೂತಿ ತಾ," ಎಂದರು ಅತ್ತೆ. ಅವರ ದನಿ ಸಣ್ಣಗಾಗಿತ್ತು.

ಜಗಲಿಗೆ ಓಡಿದೆ. ವಿಭೂತಿ ಗಟ್ಟಿಯ ಪಕ್ಕದಲ್ಲೇ ಚೀಟಿ ಇತ್ತು. ಉರ್ದು ಅಕ್ಷರ. ಆಗ ನಮ್ಮ ಕಡೆ ಸರ್ಕಾರಿ ಶಾಲೆಯೆಂದರೆ ಉರ್ದುವೇ. ನಾನು ದೇವದುರ್ಗದಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಮನೆಯವರು ಮಠದ ಅಯ್ಯನವರ ಬಳಿ ಕನ್ನಡ ಕಲಿತವರು, ಅತ್ತೆಗೆ ಓದು ಬರಹವೇ ಇಲ್ಲ. ಸೊಸೆಗೆ ಓದಲು ಬರುತ್ತದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಜಗಲಿಯ ಮೇಲಿನ ಕಾಗದವನ್ನು ಎತ್ತಿ ನೋಡಬೇಕೆಂದು ನನಗೂ ಹೊಳೆದಿರಲಿಲ್ಲ. ವಿಭೂತಿಯ ಗೆರೆಗಳನ್ನು ಉಫ್ ಎಂದು ಊದಿ ಓದಿದೆ. 'ಪೇಶಾಬ್ ಬಂದ್. ಪಥ್ರಿ ಮಾಲೂಮ್ ಹೋತೀ ಹೈ. ಫೌರನ್ ರವಾನಾ ಕರೋ.'

'ಪಥ್ರಿ' ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಆ ಪದದ ನಡುವೆ, 'ತೆ' ಅಕ್ಷರದ ಬೆನ್ನಿಗೆ ಅಂಟಿಕೊಂಡು, ಎರಡು ಕಣ್ಣಿನ 'ಹೆ' ಕೂತಿತ್ತು. ಅದನ್ನು ಬರೆಯಲು ಮರೆತರೆ ನಮ್ಮ ಮಾಸ್ತರರು ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಆ ಕಣ್ಣು ಇಲ್ಲದಿದ್ದರೆ ಅದು ಪತ್ರಿ ಆಗಬಹುದಿತ್ತು. ಇದ್ದುದರಿಂದ ಅದು ಪಥ್ರಿ, ಮೂತ್ರದ ಚೀಲದ ಕಲ್ಲು. ಮೂತ್ರ ಕಟ್ಟಿದೆ, ಕಲ್ಲಿರುವಂತಿದೆ, ತಕ್ಷಣ ಕಳಿಸು ಎಂದು ಸಾಹೇಬರು ಬರೆದಿದ್ದಾರೆ. ನಾವು ದಾರಿ ಮುಚ್ಚಿದ ನಾಯಿಗೆ ಗೊಟ್ಟಗಟ್ಟಲೆ ರಸ ಕುಡಿಸಿದ್ದೇವೆ.

ಅಂಗಳಕ್ಕೆ ಹಾರಿಬಂದು ಹೇಳಿದೆ, "ಯವ್ವಾ, ಇದು ಪತ್ರಿ ಅಲ್ರೀ, ಪಥ್ರಿ."

"ನಾನೂ ಅದನ್ನ ಅಂದೆ."

"ಪತ್ರಿ ಅಲ್ಲ ಯವ್ವಾ. ಪಥ್ರಿ. ಪ-ಥ್ರಿ."

"ಹೌದಬೇ, ಪತ್ರಿ. ನಾ ಏನು ಕಿವುಡಿ ಇದ್ದೀನೇನು?"

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ಕಲ್ಲು, ಯವ್ವಾ. ಒಳಗ ಕಲ್ಲು ಸಿಕ್ಕಂಡದ ಅಂತ ಬರದಾರ. ಜಲ್ದಿ ಕರ್ಕೊಂಡು ಬರ್ರಿ ಅಂತ ಬರದಾರ."

"ಎಲ್ಲಿ ಸಿಕ್ಕಂಡದ?"

ಐದು ದಿನ ನುಂಗಿಕೊಂಡ ಮಾತು ಅದೇ. ಎದುರು ಮನೆಯವರು ನೋಡುತ್ತ ನಿಂತಿದ್ದರು. ನಾನು ಕಣ್ಣು ಮುಚ್ಚಿಕೊಂಡು, "ಉಚ್ಚಿ ಹೊಯ್ಯೋ ದಾರ್ಯಾಗ," ಎಂದೆ.

ಅತ್ತೆ ನನ್ನನ್ನೂ ಚೀಟಿಯನ್ನೂ ಒಂದು ಗಳಿಗೆ ನೋಡಿದರು. ಓದಲು ಎಲ್ಲಿ ಕಲಿತೆ ಎಂದು ಕೇಳಲಿಲ್ಲ. "ಸೆರಗು ಸೊಂಟಕ್ಕ ಕಟ್ಟು, ನಡಿ," ಎಂದರು.

ಸಂತೆ ಬಯಲಿನಲ್ಲಿ ಮಿಲ್ಲಿಗೆ ಹೊರಟ ಶೇಂಗಾ ಲಾರಿ ನಿಂತಿತ್ತು. ಲಡಾಯಿಯ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಲಾರಿಯ ಬೆನ್ನಿಗೆ ಒಲೆಯಂಥ ಡ್ರಮ್ಮು ಕಟ್ಟಿ ಇದ್ದಲು ಉರಿಸಿ ಓಡಿಸುತ್ತಿದ್ದರು. ಹೋಗುವಾಗ ಅರ್ಧ ಊರಿಗೆ ಹೊಗೆ ಕವಿಯುತ್ತಿತ್ತು. ನಾನು ನಾಯಿಯ ಹಿಂಭಾಗ, ಅತ್ತೆ ಮುಂಭಾಗ, ಗೋಣಿತಟ್ಟಿನಲ್ಲಿ ಅವನನ್ನು ಹೊತ್ತುಕೊಂಡು ಬಯಲು ದಾಟಿದೆವು. ಡ್ರೈವರ್ ಕೈ ಅಡ್ಡ ಮಾಡಿದ.

"ನಾಯಿ ಹತ್ತಸೂದಿಲ್ಲ, ಯವ್ವಾ. ಚೀಲ ಹೊಲಸಾಗ್ತಾವ."

"ಚೀಲ ಯಾರವು?"

"ನಿಮ್ಮ ಮಗಂದು."

"ಹಂಗಾದ್ರ ಎರಡು ಚೀಲ ಇಳಿಸು. ನಾವು ಕುಂದರಾಕ ಜಾಗ ಆಗ್ತದ."

ಅವನು ಇಳಿಸಿದ. ಓಣಿ ದಾಟಿ ಒಬ್ಬರೇ ಹೋಗದ ನನ್ನ ಅತ್ತೆ ಲಾರಿಯ ಗಾಲಿಯ ಮೇಲೆ ಕಾಲಿಟ್ಟು ಚೀಲದ ರಾಶಿಯ ಮೇಲೆ ಹತ್ತಿ ಕುಳಿತರು. ಮಾನ್ವಿಯ ಜನ ನಿಂತು ನೋಡುತ್ತಿದ್ದರು. ಲಾರಿ ಊರು ಬಿಟ್ಟದ್ದೇ ಗಾಳಿಗೆ ನನ್ನ ತಲೆಯ ಸೆರಗು ಹಾರಿತು. ಎಳೆದುಕೊಂಡೆ, ಮತ್ತೆ ಹಾರಿತು. "ಇರ್ಲಿ ಬಿಡು, ನಾಯಿ ಹಿಡಕೋ," ಎಂದರು ಅತ್ತೆ.

ಕಲ್ಲೂರಿನ ಹತ್ತಿರ ಬೆಂಕಿ ಮಂದವಾಗಿ ಲಾರಿ ನಿಂತಿತು. ಡ್ರೈವರ್ ಇಳಿದು ಡ್ರಮ್ಮಿಗೆ ಇದ್ದಲು ಸುರಿದು ಗಾಳಿಯ ಚಕ್ರ ತಿರುಗಿಸತೊಡಗಿದ. ದೇವದುರ್ಗದವನು ತಾನೂ ಇಳಿಯುತ್ತೇನೆ ಎಂಬಂತೆ ಒದ್ದಾಡಿದ. ಇಳಿಸಿದೆವು. ಬೇವಿನ ಮರದ ಬಳಿಗೆ ತೂರಾಡುತ್ತ ಹೋಗಿ ಕಾಲೆತ್ತಿ ನಿಂತ. ಬೆನ್ನು ಬಿಲ್ಲಿನಂತೆ ಬಾಗಿತ್ತು, ಕಣ್ಣು ಹೊರಬರುವಂತಿದ್ದವು. ಅತ್ತೆ ಅವನ ಹಿಂದೆ ನಿಂತು, ಹಾಡುಹಗಲಿನಲ್ಲಿ, ಬಂಡಿಗಳು ಹೋಗುವ ದಾರಿಯಲ್ಲಿ, ಗಟ್ಟಿಯಾಗಿ ಹೇಳುತ್ತಿದ್ದರು, "ಹೊಯ್ಯೋ ಯಪ್ಪಾ. ನಾಚಬ್ಯಾಡ. ಹೊಯ್ಯಿ." ಡ್ರೈವರ್ ಮುಖ ತಿರುಗಿಸಿಕೊಂಡು ಚಕ್ರ ತಿರುಗಿಸಿದ. ಏನೂ ಬರಲಿಲ್ಲ. ನಾಯಿಯನ್ನು ಮತ್ತೆ ಎತ್ತುವಾಗ ಅವನ ಕಿವಿ ತಣ್ಣಗಾಗಿತ್ತು, ತಲೆ ನನ್ನ ತೋಳಿನ ಮೇಲೆ ಜೋತುಬಿತ್ತು.

ರಾಯಚೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಲಾರಿಯನ್ನು ನೇರ ದವಾಖಾನೆಯ ಮುಂದೆಯೇ ನಿಲ್ಲಿಸುವಂತೆ ಅತ್ತೆ ಮಾಡಿದರು. ಗೇಟಿನಲ್ಲಿ ಟಾಂಗಾ ಸಿದ್ಧವಾಗಿ ನಿಂತಿತ್ತು. ಗುಂಜಹಳ್ಳಿಯಲ್ಲಿ ಎತ್ತುಗಳಿಗೆ ರೋಗವೆಂದು ಸಾಹೇಬರು ಹೊರಟು ಒಂದು ಕಾಲು ಟಾಂಗಾದ ಮೇಲಿಟ್ಟಿದ್ದರು. ಅತ್ತೆ ಕುದುರೆಯ ಲಗಾಮನ್ನೇ ಹಿಡಿದುಕೊಂಡುಬಿಟ್ಟರು. ನಾನು ಚೀಟಿ ಚಾಚಿದೆ. ಸಾಹೇಬರು ಅದರ ಮೇಲಿನ ವಿಭೂತಿ ನೋಡಿ ಹುಬ್ಬೇರಿಸಿದರು. ನಾಯಿಯ ಹೊಟ್ಟೆ ಮುಟ್ಟಿ ನೋಡಿ ಇಳಿದೇಬಿಟ್ಟರು. ಔಷಧದ ಪೆಟ್ಟಿಗೆ ಕೊಟ್ಟು ತಮ್ಮ ಸಹಾಯಕನನ್ನು ಗುಂಜಹಳ್ಳಿಗೆ ಕಳಿಸಿದರು.

"ಏನು ಕುಡಿಸೀರಿ ಇದಕ್ಕ?"

"ಪತ್ರಿ ರಸ," ಎಂದರು ಅತ್ತೆ. "ನೀವ ಹೇಳಿದ್ರಲ್ರೀ."

"ನಾ? ಯಾ ಅಲ್ಲಾ," ಎಂದು ಸಾಹೇಬರು ಹಣೆಗೆ ಕೈ ಹಚ್ಚಿಕೊಂಡರು. ಅವರು ನಕ್ಕದ್ದು ನಾನು ಕಂಡೆ, ಆದರೆ ಅತ್ತೆಗೆ ಕಾಣದಂತೆ ನಕ್ಕರು. ದೊಡ್ಡ ಮನುಷ್ಯ.

ಹಿಡಿಯಲು ಬೇರೆ ಯಾರೂ ಇರಲಿಲ್ಲ. ತಗಡು ಹೊದೆಸಿದ ಮೇಜಿನ ಮೇಲೆ ಅವನನ್ನು ಮಲಗಿಸಿ ಬಾಯಿಗೆ ಬಟ್ಟೆ ಕಟ್ಟಿದೆವು. ಅತ್ತೆ ತಲೆ ಹಿಡಿದರು, ನಾನು ಹಿಂಗಾಲು ಹಿಡಿದೆ. ಸಾಹೇಬರು ಸೂಜಿ ಚುಚ್ಚಿ ಆ ಜಾಗವನ್ನು ಮರಗಟ್ಟಿಸಿದರು. ತೆಳುವಾದ ರಬ್ಬರ್ ನಳಿಗೆ ತೂರಿಸುತ್ತ, ಪಾಠ ಹೇಳುವವರಂತೆ ಹೇಳುತ್ತಹೋದರು. "ಗಂಡುನಾಯಿಗಿ ಇಲ್ಲೊಂದು ಎಲುಬು ಇರ್ತದಮ್ಮಾ. ಅದರ ಕೆಳಗ ಸಣ್ಣ ಕಾಲುವಿ ಹಂಗ ದಾರಿ. ಹೆಣ್ಣುನಾಯಿ ದಾರಿ ಅಗಲ, ಕಲ್ಲು ಜಾರಿ ಹೋಗ್ತದ. ಗಂಡಿಂದು ಈ ಎಲುಬಿನ ಹಿಂದ ಬಂದು ಕುಂದರ್ತದ." ನಳಿಗೆ ನಿಂತಿತು. "ದೇಖೋ, ಇಲ್ಲೇ ಕುಂತದ."

ಒಂದು ಸಲ ತಳ್ಳಿ ನೋಡಿದರು, ಎರಡು ಸಲ ನೋಡಿದರು. ಕಲ್ಲು ಅಲುಗಲಿಲ್ಲ. ಸಾಹೇಬರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. "ಕೊಯ್ಯಬೇಕು," ಎಂದರು. ನಾನು ಅತ್ತೆಯ ಮುಖ ನೋಡಿದೆ. ಅವರು ನಾಯಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದರು, ಬಹುಶಃ ಪಂಚಾಕ್ಷರಿ. "ಕೊಯ್ರಿ," ಎಂದರು, ತಲೆ ಎತ್ತದೆಯೇ.

ಚಾಕು ಒಂದು ಬೆರಳುಗುರಿನಷ್ಟು ಓಡಿತು. ಸಣ್ಣ ಚಿಮುಟದಿಂದ ಸಾಹೇಬರು ಎಳೆದರು. ತಟ್ಟೆಯಲ್ಲಿ ಟಿಣ್ ಎಂದಿತು. ಜೋಳದ ಕಾಳಿನಷ್ಟು, ಒರಟು, ಹಳದಿ. ಇಷ್ಟೇನಾ ಎಂದು ನಾನು ಬಾಗಿ ನೋಡುವಷ್ಟರಲ್ಲಿ ಚಿಮ್ಮಿತು ನೋಡಿ. ನನ್ನ ಕುಪ್ಪಸ, ಸಾಹೇಬರ ಕೋಟು, ಅತ್ತೆಯ ಮಡಿ ಸೀರೆ, ಗೋಡೆಯ ಅರ್ಧ, ಎಲ್ಲ ತೊಯ್ದುಹೋಯಿತು. ನೆತ್ತರು ಬೆರೆತ ಬಿಸಿ ಉಚ್ಚೆ, ನಿಲ್ಲುವ ಮಾತೇ ಇಲ್ಲ. ಯಾರೂ ಹಿಂದೆ ಸರಿಯಲಿಲ್ಲ. "ಬರ್ಲಿ, ಬರ್ಲಿ," ಎಂದರು ಅತ್ತೆ. ಅವರು ನಗುತ್ತಿದ್ದರು. ಅವರ ಹಲ್ಲು ಎಷ್ಟು ಚೆಂದ ಎಂದು ನಾನು ಆವತ್ತು ಮೊದಲ ಸಲ ನೋಡಿದೆ. ದೇವದುರ್ಗದವನು ಉದ್ದಕ್ಕೆ ಒಂದು ಉಸಿರು ಬಿಟ್ಟು, ಬಾಲವನ್ನು ಒಮ್ಮೆ ಮೇಜಿಗೆ ಬಡಿದ. ನಾನು ಹಿಡಿದ ಕಾಲನ್ನು ಬಿಡದೆ ಗಟ್ಟಿಯಾಗಿ ಅತ್ತುಬಿಟ್ಟೆ. ಆಮೇಲೆ ಅವನು ಏಳು ವರ್ಷ ಬದುಕಿದ.

ಕೈತೊಳೆದುಕೊಂಡು ಸಾಹೇಬರು ವರಾಂಡದಲ್ಲಿ ನಮಗೆ ಹೇಳಿದರು, "ಗಾಯ ದಿನಾ ತೊಳೀರಿ. ನೀರು ಬಾಳ ಕುಡಸ್ರಿ. ಅದಕ್ಕ ಹೋಗಬೇಕು ಅನ್ನಿಸಿದಾಗ ತಡೀಬ್ಯಾಡ್ರಿ, ಕಟ್ಟಿ ಹಾಕಬ್ಯಾಡ್ರಿ. ನೀರು ಕುಡೀದ, ತಡಕೊಂಡು ಕುಂತ್ರ ಮತ್ತ ಕಲ್ಲು ಕಟ್ತದ."

ಸಾಹೇಬರು ಒಳಗೆ ಹೋದ ಮೇಲೆ ಅತ್ತೆ ಕುಳಿತು ತೊಯ್ದ ಸೆರಗು ಹಿಂಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು, "ನೀನು ಹಗಲೊತ್ತಿನ್ಯಾಗ ಯಾಕ ನೀರು ಕುಡಿಯೂದಿಲ್ಲ?"

ಅವರು ಅದನ್ನು ಗಮನಿಸಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಓಣಿಯ ಹೆಂಗಸರಿಗೆ ಹೊತ್ತು ಮೂಡುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಹೊಲದ ಕಡೆ ಹೋಗುವುದಷ್ಟೇ. ನಡುವೆ ಏನೇ ಆದರೂ ಬಿಗಿಹಿಡಿದುಕೊಂಡಿರಬೇಕು. ಗಂಡುನಾಯಿ ಕಂಬಕ್ಕೆ, ಗಾಲಿಗೆ, ಎಲ್ಲಿ ಬೇಕೆಂದರಲ್ಲಿ ಕಾಲೆತ್ತುವುದನ್ನು ನೋಡಿ ನಾನು ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

"ಕುಡದ್ರ ಹೋಗಬೇಕಾಗ್ತದಲ್ರೀ," ಎಂದೆ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿದೆ. "ಎರಡು ತಿಂಗಳಾತು ಯವ್ವಾ, ಹೋದಾಗೊಮ್ಮಿ ಉರೀತದ."

"ಎರಡು ತಿಂಗಳು," ಎಂದರು. "ತವರೂರು ಚೀಕಲಪರ್ವ್ಯಾಗ ನಮಗ ಹೊಳಿ ಇತ್ತು, ದಂಡಿ ಇತ್ತು, ಮರೆ ಇತ್ತು. ಮದಿವ್ಯಾಗಿ ಮಾನ್ವಿಗಿ ಬಂದ ಮ್ಯಾಲೆ ನನಗೂ ಹಂಗ. ಮೂವತ್ತು ವರ್ಷಾತು. ಎಲ್ಲಾರಿಗೂ ಹಿಂಗ ಇರ್ತದ ಅಂತ ತಿಳಕೊಂಡಿದ್ದೆ."

ಎದ್ದು ಸಾಹೇಬರ ಕೋಣೆಯ ಬಾಗಿಲಿಗೆ ಹೋದರು. "ಸಾಹೇಬ್ರ, ಹೆಣ್ಣಮಕ್ಕಳಿಗೂ ಕಲ್ಲು ಆಗ್ತಾವೇನ್ರೀ?"

"ಆಗ್ತಾವಮ್ಮಾ. ನೀರು ಕುಡೀಲಿಲ್ಲಂದ್ರ ಯಾರಿಗಾದ್ರೂ ಆಗ್ತಾವ."

ವರಾಂಡದ ಮೂಲೆಯಲ್ಲಿ ಸಾಹೇಬರ ನೀರಿನ ಮಡಕೆ ಇತ್ತು. ಪರರ ಮನೆಯಲ್ಲಿ ಒಂದು ಹನಿ ನೀರನ್ನೂ ಮುಟ್ಟದ ನನ್ನ ಅತ್ತೆ ಅದರ ಮುಚ್ಚಳ ತೆಗೆದು ಲೋಟ ಅದ್ದಿದರು. ಮೊದಲು ನನಗೆ ಕೊಟ್ಟರು. ಆಮೇಲೆ ತಾವು ಕುಡಿದರು. ಮತ್ತೆ ನನಗೆ ತುಂಬಿಕೊಟ್ಟರು, ಮತ್ತೆ ತಾವು ಕುಡಿದರು. ಎದುರಿಗೆ ಲಾರಿ ಖಾಲಿಯಾಗಿ ಮಿಲ್ಲಿನಿಂದ ಬಂದು ನಿಂತಿತ್ತು. ಮಾನ್ವಿಗೆ ಮೂವತ್ತು ಮೈಲಿ, ಎಲ್ಲ ಬಯಲು ದಾರಿ, ಹಾಡುಹಗಲು, ಡ್ರೈವರ್ ಗಂಡಸು.

ಮೂರನೆಯ ಲೋಟ ಹಿಡಿದುಕೊಂಡು ನಾನು ಕೇಳಿದೆ, "ದಾರ್ಯಾಗ ಏನ್ ಮಾಡೂದು, ಯವ್ವಾ?"

"ಲಾರಿ ನಿಂದರಸ್ತೀನಿ," ಎಂದರು ಅತ್ತೆ. "ನೀ ಕುಡಿ."

ಎರಡು ಕಡೆ ನಿಲ್ಲಿಸಿದರು.